ಬೋಣಿಯ ಪದಬಂಧ

ದೇವಿಕಾ ಕಿಟಕಿಯ ಪಕ್ಕ ಕೂತು, ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿ ಪೇಪರ್ ತೆಗೆಯಿರಿ ಎಂದಾಗ ಪ್ರಭುರಾಜನಿಗೆ ತಾನು ಈ ದಿನ ರಜೆ ಹಾಕಬೇಕಿತ್ತು ಅನ್ನಿಸಿತು. ದೇವದುರ್ಗದಲ್ಲಿ ಶಿಕ್ಷಕರ ತರಬೇತಿ ಬಿದ್ದಿದೆ, ಒಂದೇ ದಿನದ್ದು, ನಿಮ್ಮ ಬಸ್ಸಿಗೇ ಬರುತ್ತೇನೆ ಎಂದು ಹೆಂಡತಿ ಹೇಳಿದರೆ ಬೇರೆ ಗಂಡಂದಿರು ಖುಷಿಪಡುತ್ತಾರೆ. ಅವನೂ ಬಾ ಬಾ ಎಂದಿದ್ದ. ಆಮೇಲೆ ಊಟಕ್ಕೆ ಕೂತಾಗ, ಆ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ ಎಂದ. ಕೈ ತೊಳೆಯುವಾಗ, ಆ ಡ್ರೈವರ್ ಬಹಳ ಜೋರು ಓಡಿಸುತ್ತಾನೆ ಎಂದ. ಬೆಳಿಗ್ಗೆ ಚಹಾ ಕುಡಿಯುತ್ತ, ಅದರಲ್ಲಿ ಕುರಿ ಹತ್ತಿಸುತ್ತಾರೆ, ವಾಸನೆ ತಡೆಯಲಾಗುವುದಿಲ್ಲ ಎಂದ. ಕುರಿ ಕಾಯುವವರ ಮನೆಯಲ್ಲೇ ಹುಟ್ಟಿ, ಕುರಿಹಟ್ಟಿಯ ಪಕ್ಕದಲ್ಲೇ ಅಕ್ಷರ ಕಲಿತವನ ಬಾಯಿಂದ ಈ ಮಾತು ಬಂದದ್ದಕ್ಕೆ ದೇವಿಕಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಈಗ ರಾಯಚೂರಿನ ಬಸ್‌ಸ್ಟ್ಯಾಂಡ್ ಹಿಂದೆ ಸರಿಯುತ್ತಿತ್ತು. ಬಸ್ಸಿನಲ್ಲಿ ಕುರಿ ಇರಲಿಲ್ಲ, ಸೀಟು ಬೇಕಾದಷ್ಟಿತ್ತು, ಡ್ರೈವರ್ ಮದುವೆಯ ಎತ್ತಿನಗಾಡಿ ಹೊಡೆದಂತೆ ಸಾವಕಾಶ ಹೊಡೆಯುತ್ತಿದ್ದ. ದೇವರು ಒಂದಾದರೂ ಸುಳ್ಳನ್ನು ನಿಜ ಮಾಡಬಾರದಿತ್ತೇ ಎಂದು ಪ್ರಭುರಾಜ ಹಲ್ಲು ಕಚ್ಚಿದ.

ಡ್ರೈವರ್ ಸೀಟಿನ ಹಿಂದೆ ಸೆಣಬಿನ ಹುರಿಯಿಂದ ಬಿಗಿದ ಪೇಪರಿನ ಕಟ್ಟು ಬಿದ್ದಿತ್ತು. ಅದರ ಮೇಲೆ ನೀಲಿ ಮಸಿಯಲ್ಲಿ ದೇವದುರ್ಗ ಎಂದು ಬರೆದಿತ್ತು. ದಿನಾ ಅವನೂ ಆ ಕಟ್ಟೂ ಒಂದೇ ಬಸ್ಸಿನಲ್ಲಿ ಒಂದೇ ಊರಿಗೆ ಹೋಗುತ್ತಾರೆ, ಮತ್ತು ದಿನಾ ಅವನು ಅದರ ಮುಖ ನೋಡದೆ ಕೂರುತ್ತಾನೆ. ಏಕೆಂದರೆ ಆ ಕಟ್ಟಿನೊಳಗಿರುವ ಪೇಪರನ್ನೇ ಅವನು ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡು ಚೀಲದಲ್ಲಿ ಇಟ್ಟುಕೊಂಡಿರುತ್ತಾನೆ. ಗಬ್ಬೂರು ದಾಟುವುದರೊಳಗೆ ಅವನು ಅದರ ಪದಬಂಧ ಬಿಡಿಸಿ ಮುಗಿಸುತ್ತಾನೆ, ಎಲ್ಲಿ ಸಿಕ್ಕಿಕೊಂಡರೂ ದೇವಿಕಾಗೆ ಫೋನು ಹೊಡೆಯುತ್ತಾನೆ, ಉತ್ತರಗಳನ್ನು ಬಾಯಿಪಾಠ ಮಾಡುತ್ತಾನೆ, ಪೇಪರನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳದಲ್ಲಿ ಬುತ್ತಿಯ ಕೆಳಗೆ ಹೂಳುತ್ತಾನೆ. ದೇವದುರ್ಗದಲ್ಲಿ ಇಳಿದು, ಈರಯ್ಯನ ಪೇಪರ್ ಅಂಗಡಿಯಲ್ಲಿ ಅದೇ ಪೇಪರನ್ನು ಮತ್ತೆ ಕೊಂಡು, ನಾಲ್ಕು ಜನರೆದುರು ನಿಂತು, ಪೆನ್ನಿನಲ್ಲಿ, ಒಂದು ಕಾಟೂ ಹೊಡೆಯದೆ, ಪಕ್ಕದ ಬಂಡಿಯ ಮಿರ್ಚಿ ಭಜಿ ಆರುವುದರೊಳಗೆ ಪದಬಂಧ ತುಂಬಿಬಿಡುತ್ತಾನೆ. ಒಂದೇ ಪೇಪರನ್ನು ಒಂದೇ ದಿನ ಎರಡು ಸಲ ಕೊಳ್ಳುವ ಮೂರ್ಖ ಭೂಮಿಯ ಮೇಲೆ ಇರಬಹುದೆಂದು ದೇವದುರ್ಗದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆ ಊರಿನ ಜನರ ಒಳ್ಳೆಯತನದ ಮೇಲೆಯೇ ಅವನ ಪಾಂಡಿತ್ಯ ನಿಂತಿತ್ತು.

ಇದೆಲ್ಲ ಮೋಸ ಮಾಡಬೇಕೆಂದು ಮಾಡಿದ್ದಲ್ಲ. ವರ್ಗವಾಗಿ ಬಂದ ಹೊಸತರಲ್ಲಿ ಒಂದು ದಿನ ಅಂಗಡಿಯ ಮುಂದೆ ನಿಂತಿದ್ದಾಗ ಆಸ್ಪತ್ರೆಯ ನರ್ಸ್ ವಾಹಿದಾ, ರಾತ್ರಿ ಪಾಳಿ ಮುಗಿಸಿ ಮಾನ್ವಿಯ ಬಸ್ಸಿಗೆ ಕಾಯುತ್ತಿದ್ದವಳು, ಪೆನ್ಸಿಲ್ ಕಚ್ಚುತ್ತ ಒಂದು ಸುಳಿವನ್ನು ಗಟ್ಟಿಯಾಗಿ ಓದಿದ್ದಳು. ಅವನ ಬಾಯಿಂದ ಉತ್ತರ ತಾನಾಗಿ ಉದುರಿತು. ಇನ್ನೊಂದು ಓದಿದಳು, ಅದೂ ಉದುರಿತು. ಬಸ್ಸಿನಲ್ಲೇ ಬಿಡಿಸಿದ್ದೆ ಎಂದು ಹೇಳುವುದಕ್ಕೆ ಅವನು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಆಕೆ ತಲೆಯೆತ್ತಿ, ಸರ, ನೀವು ಏನ್ ಓದೀರಿ ಎಂದು ಕೇಳಿದಳು. ಅವನನ್ನು ಯಾರೂ ಹಾಗೆ ಕೇಳಿ ವರ್ಷಗಳಾಗಿದ್ದವು. ಯರಗೇರಾದಲ್ಲಿ ಎಂ.ಎ. ಮಾಡಿದ್ದೇನೆ ಎಂದ. ತೆರೆದ ಬಾಯಿ ಅಷ್ಟಕ್ಕೇ ಮುಚ್ಚಿಕೊಂಡಿತು. ಕಚೇರಿಯಲ್ಲಿ ಅವನಿಗೆ ಹೆಸರಿಲ್ಲ, ಕಿಟಕಿಯ ಪಕ್ಕ ಕೂರುತ್ತಾನೆಂದು ಏಯ್ ಕಿಟಕಿ ಟೇಬಲ್ ಎಂದು ಕರೆಯುತ್ತಾರೆ. ಮಾನ್ವಿಯ ಅತ್ತೆಮನೆಯಲ್ಲಿ ದೇವಿಕಾನ ಮನಿಯವರು ಎನ್ನುತ್ತಾರೆ. ಲೆಕ್ಚರರ್ ಪರೀಕ್ಷೆಯನ್ನು ಪ್ರತಿ ಸಲ ಬರೆದು ಪ್ರತಿ ಸಲ ಕೂದಲೆಳೆಯಲ್ಲಿ ಹೋಯಿತೆಂದು ಹೇಳಿ ಹೇಳಿ ಅವನ ತಲೆಯ ಕೂದಲೇ ಹೋಗಿದ್ದವು. ದೇವಿಕಾ ಶಿಕ್ಷಕರ ಪರೀಕ್ಷೆಯನ್ನು ಒಂದೇ ಸಲ ಬರೆದು, ತಾನೇನು ಬರೆದೆನೋ ನೆನಪಿಲ್ಲ ಎನ್ನುತ್ತ ಹೈಸ್ಕೂಲು ಸೇರಿದಳು. ಹೀಗಿರುವಾಗ ಬೀದಿಯಲ್ಲಿ ಪುಕ್ಕಟೆ ಸಿಕ್ಕ ಗೌರವವನ್ನು ಬೇಡ ಎನ್ನುವಷ್ಟು ಅವನು ಸಾಧುವಾಗಿರಲಿಲ್ಲ.

ಆವತ್ತು ಈರಯ್ಯನ ಪೇಪರೆಲ್ಲ ಮಧ್ಯಾಹ್ನದೊಳಗೆ ಖಾಲಿಯಾದವು. ಈರಯ್ಯ ಕೈಗುಣ ನಂಬುವ ಮನುಷ್ಯ. ಬೋಣಿ ಒಳ್ಳೆಯ ಕೈಯಿಂದ ಆಗದಿದ್ದರೆ ಕಟ್ಟಿನ ಅರ್ಧ ರದ್ದಿಗೆ ಹೋಗುತ್ತದೆಂದು ಅವನ ಅನುಭವ. ಮರುದಿನ ಅವನು ಊದುಬತ್ತಿ ಹಚ್ಚಿ, ಹುರಿ ಕತ್ತರಿಸಿ, ಮೊದಲ ಪೇಪರನ್ನು ಪ್ರಭುರಾಜನಿಗೆ ಕೊಟ್ಟು, ತುಂಬ್ರಿ ಸರ ಎಂದ. ತುಂಬಿದ. ಆವತ್ತೂ ಪೇಪರ್ ಖಾಲಿ. ಅಲ್ಲಿಗೆ ಪದ್ಧತಿ ಬಿತ್ತು: ಸಾಹೇಬರು ಕೊನೆಯ ಮನೆ ತುಂಬುವವರೆಗೆ ಈರಯ್ಯ ಎರಡನೆಯ ಪೇಪರ್ ಮಾರುವುದಿಲ್ಲ. ಜಾಲಹಳ್ಳಿ ಬಸ್ಸಿಗೆ ಹೋಗುವವರು, ಹಾಲು ಹಾಕಿ ಬಂದವರು, ಗುತ್ತಿಗೆ ಕೆಲಸದ ಯಮನೂರಪ್ಪ, ಎಲ್ಲರೂ ಸಾಲಾಗಿ ನಿಂತು ಅವನ ಪೆನ್ನು ಓಡುವುದನ್ನು ನೋಡುತ್ತಾರೆ. ಯಮನೂರಪ್ಪನೂ ಪದಬಂಧ ತುಂಬುತ್ತಾನೆ, ಅವನದು ಬೇರೆ ಪಂಥ. ಸುಳಿವು ಏನೇ ಇರಲಿ, ಬೆರಳಿಟ್ಟು ಮನೆ ಎಣಿಸಿ, ಅಷ್ಟು ಅಕ್ಷರದ ಹೆಸರಿರುವ ಸಂಬಂಧಿಕರನ್ನು ಕೂರಿಸುತ್ತಾನೆ. ವಾಹಿದಾ ಮಾತ್ರ ಬಿಸಿಲು ಏರುವವರೆಗೂ ಪೆನ್ಸಿಲಿನಲ್ಲಿ ಬರೆದು ಅಳಿಸಿ ಬರೆದು, ಬಸ್ಸು ಬರುವ ಮೊದಲು ತನ್ನ ಪೇಪರನ್ನು ಅವನ ಕಡೆ ತಿರುಗಿಸಿ, ಬರೋಬ್ಬರಿ ಅದನ ನೋಡ್ರಿ ಸರ ಎನ್ನುತ್ತಿದ್ದಳು. ಅವನು ಹುಬ್ಬು ಗಂಟಿಕ್ಕಿ ನೋಡಿ, ಅದ, ಅದ ಎನ್ನುತ್ತಿದ್ದ. ಆ ಒಂದು ಗಳಿಗೆಯಲ್ಲಿ ಮಾತ್ರ ಅವನಿಗೆ ನಿಜವಾಗಿ ನಾಚಿಕೆಯಾಗುತ್ತಿತ್ತು.

ಈ ನಾಚಿಕೆಗಿಂತ ದೊಡ್ಡ ಗುಟ್ಟು ಇನ್ನೊಂದು: ಬಸ್ಸಿನಲ್ಲಿ ಬಿಡಿಸುವವನೂ ಪೂರ್ತಿ ಅವನಲ್ಲ. ಪದಬಂಧ ಅವನಿಗೆ ಒಂದು ದಿನ ತಾಯಿ, ಒಂದು ದಿನ ಮಲತಾಯಿ. ಎಡದಿಂದ ಬಲಕ್ಕೆ ಮೊದಲ ಸುಳಿವು ಬಿದ್ದರೆ ಬಸ್ಸಿನ ಕಂಡಕ್ಟರನೂ ಚೆಲುವನಾಗಿ ಕಾಣುತ್ತಾನೆ. ಬೀಳದಿದ್ದರೆ ದಿನವಿಡೀ ಚಪ್ಪಲಿಯೊಳಗೆ ಹರಳು ಹೊಕ್ಕ ಹಾಗೆ. ಮಾನ್ವಿಯಲ್ಲಿ ಮಾವ ತೀರಿಕೊಂಡ ಮೂರನೇ ದಿನ, ಮನೆ ತುಂಬ ಅಳು ನಡೆದಿದ್ದಾಗ, ಎರಡು ದಿನದಿಂದ ಕಾಡಿದ್ದ ಕೆಸರಲ್ಲಿ ಹುಟ್ಟಿದ ಚೆಲುವ ಎಂಬ ಸುಳಿವು ಅವನಿಗೆ ಥಟ್ಟನೆ ಅರವಿಂದ ಎಂದು ಹೊಳೆದು ಮುಖ ಅರಳಿಬಿಟ್ಟಿತ್ತು. ಸೋದರತ್ತೆಯರು ಅಳು ನಿಲ್ಲಿಸಿ ಇವನನ್ನೇ ನೋಡಿದ್ದರು. ದೇವಿಕಾ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅತ್ತತ್ತು ಕೆಂಪಾದ ಕಣ್ಣಲ್ಲೇ, ಯಾವುದು ಬಂತು ಎಂದು ಕೇಳಿದ್ದಳು. ಅರವಿಂದ ಎಂದಾಗ, ಅದು ನನಗ ಮೊನ್ನೇನಽ ಗೊತ್ತಿತ್ತು, ಅಪ್ಪನ ಗದ್ದಲದಾಗ ಹೇಳಲಿಲ್ಲ ಎಂದು ಸೆರಗು ಬಾಯಿಗಿಟ್ಟು ನಕ್ಕಿದ್ದಳು. ಅವಳಿಗೆ ಗೊತ್ತಿಲ್ಲದ್ದು ಇರುತ್ತಿರಲಿಲ್ಲ. ಬಸ್ಸಿನಿಂದ ಅವನು ಫೋನು ಮಾಡಿದಾಗ ಅವಳು ರೊಟ್ಟಿ ಬಡಿಯುತ್ತಿರುತ್ತಾಳೆ. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಹೇಳ್ರಿ ಎನ್ನುತ್ತಾಳೆ. ಇವನು ಸುಳಿವು ಓದುತ್ತಾನೆ. ಆ ಕಡೆ ಪಟಪಟ ಸದ್ದು. ಸದ್ದು ನಿಂತಿತೆಂದರೆ ಉತ್ತರ ಬಂತೆಂದು ಅರ್ಥ. ಹೇಳಿ, ಮತ್ತೆ ಬಡಿಯುತ್ತಾಳೆ. ಸಂಸಾರದಲ್ಲಿ ಗ್ಯಾಸು, ಬಾಡಿಗೆ, ಮಗಳು ಕಾವ್ಯಾಳ ಹಾಸ್ಟೆಲು ಬಿಟ್ಟರೆ ಅವರ ನಡುವೆ ಉಳಿದಿದ್ದ ಮಾತು ಇದೊಂದೇ. ಈ ಮಾತನ್ನು ಅವನು ದೇವದುರ್ಗಕ್ಕೆ ಒಯ್ದು ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

ಈಗ ಅವಳು ಪಕ್ಕದಲ್ಲೇ ಕೂತು ಪೇಪರ್ ಹರಡಿದ್ದಳು. ಹೊಲ ಕಾಯುವ ಸುಳ್ಳು ಮನುಷ್ಯ, ಐದು ಮನೆ ಎಂದು ಓದಿದಳು. ಅವನು ಬೇಕೆಂದೇ ಬೇಗ, ಕಾವಲುಗಾರ ಎಂದ. ಮನೆಗಳು ಸರಿಯಾಗಿ ಐದಿದ್ದವು. ಬರೆದೂಬಿಟ್ಟ. ದೇವಿಕಾ ಪೆನ್ನು ಕಸಿದುಕೊಂಡಳು. ಕಾವಲುಗಾರ ಸುಳ್ಳು ಮನುಷ್ಯ ಹೇಗಾಗುತ್ತಾನೆ, ಪಗಾರ ಎಣಿಸಿಕೊಂಡು ಮಲಗುವವನಾದರೂ ಮನುಷ್ಯ ಮನುಷ್ಯನೇ ಎಂದು ವಾದಿಸಿ, ಗಬ್ಬೂರಿನ ಆಚೆ ತೊಗರಿ ಹೊಲದಲ್ಲಿ ಹರಕು ಅಂಗಿ ತೊಟ್ಟು, ಮಡಕೆಯ ತಲೆ ಹೊತ್ತು, ಎರಡೂ ಕೈ ಚಾಚಿ ನಿಂತವನನ್ನು ಕಿಟಕಿಯಿಂದ ತೋರಿಸಿದಳು. ಬೆದರುಬೊಂಬೆ. ಅವಳ ಮುಖ ಚಿಕ್ಕ ಹುಡುಗಿಯ ಹಾಗೆ ಬೆಳಗಿತ್ತು. ಎಷ್ಟೋ ವರ್ಷಗಳ ನಂತರ ಅವಳ ಭುಜ ಅವನ ಭುಜಕ್ಕೆ ತಾಗಿ ಹಾಗೆಯೇ ಉಳಿದಿತ್ತು. ಇಷ್ಟು ಸುಖ ಬಂದ ದಿನವೇ ಇಷ್ಟು ಭಯವೂ ಬರಬೇಕೇ ಎಂದು ಅವನಿಗೆ ಅಳು ಬಂದಂತಾಯಿತು. ದೇವದುರ್ಗ ಬಾರದೆ ಈ ಬಸ್ಸು ಹೀಗೇ ಹೋಗುತ್ತಿರಲಿ, ಬೇಕಾದರೆ ಸುರಪುರದವರೆಗೆ ಹೋಗಲಿ, ಟೈರಾದರೂ ಪಂಕ್ಚರ್ ಆಗಲಿ ಎಂದು ಬೇಡಿಕೊಂಡ. ಅಷ್ಟು ಸಾವಕಾಶ ಹೊರಟಿದ್ದ ಬಸ್ಸು ಎಂದಿಗಿಂತ ಬೇಗ ದೇವದುರ್ಗ ಮುಟ್ಟಿದಂತಾಯಿತು.

ಇಳಿದ ಕೂಡಲೇ ಆಟೋ ಕರೆದ. ತರಬೇತಿಗೆ ತಡವಾಗುತ್ತದೆ ಎಂದ. ಇನ್ನೂ ಬಹಳ ಹೊತ್ತಿದೆ, ಒಗ್ಗರಣೆ ಮಿರ್ಚಿ ತಿನ್ನೋಣ, ವಾಸನೆ ನೋಡಿ ಎಂದು ದೇವಿಕಾ ಮೂಗು ಅರಳಿಸಿ ಮಿರ್ಚಿ ಬಂಡಿಯ ಕಡೆಗೇ ನಡೆದಳು. ಬಂಡಿಯ ಪಕ್ಕದಲ್ಲೇ ಈರಯ್ಯನ ಅಂಗಡಿ. ಬಸ್ಸಿನಿಂದ ಕಟ್ಟು ಇಳಿಸಿಕೊಂಡು ಬಂದ ಈರಯ್ಯ ಆಗಲೇ ಊದುಬತ್ತಿ ಹಚ್ಚಿದ್ದ. ಮೇಡಂರು ಯಾರು ಎಂದು ಕೇಳಿ, ಮನೆಯವರೆಂದು ತಿಳಿದು, ತನ್ನ ಸ್ಟೂಲನ್ನು ವಸ್ತ್ರದಿಂದ ಒರೆಸಿ ಕೊಟ್ಟ. ದೇವಿಕಾ ಮಂಡಾಳ ಒಗ್ಗರಣೆಯ ಪ್ಲೇಟು ಹಿಡಿದು ಕೂತಳು. ಹುರಿ ಕತ್ತರಿಸಿ, ಮೊದಲ ಪೇಪರನ್ನು ಕಣ್ಣಿಗೊತ್ತಿಕೊಂಡು, ಈರಯ್ಯ ಅದನ್ನು ಪ್ರಭುರಾಜನ ಕೈಗಿಟ್ಟ. ಹಿಂದೆ ಸಾಲು ನಿಂತಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಅವನಿಗೆ ಆ ಸಾಲಿನ ಪ್ರತಿಯೊಬ್ಬನೂ ಪೊಲೀಸಿನವನಾಗಿ ಕಂಡ.

ಯಮನೂರಪ್ಪ ಸುಮ್ಮನಿರುವ ಪೈಕಿ ಅಲ್ಲ. "ನೋಡಕೋತ ಇರ್ರಿ ಮೇಡಂರ," ಎಂದ. "ಈ ಮಿರ್ಚಿ ನೀವು ತಿಂದು ಮುಗಿಸೂದ್ರಾಗ ಸಾಹೇಬ್ರು ಎಲ್ಲಾ ತುಂಬಿ ಒಗೀತಾರ. ಅದಕ್ಕೂ ಮೊದಲ ಪೇಪರ್ ಮುಟ್ಟಿರಂಗಿಲ್ಲ, ಕಣ್ಣಿಂದ ನೋಡಿರಂಗಿಲ್ಲ."

ದೇವಿಕಾಳ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರ ನಿಂತಿತು. ಅವಳು ಗಂಡನನ್ನು ನೋಡಿದಳು. ಆಮೇಲೆ ತನ್ನ ತೊಡೆಯ ಮೇಲಿದ್ದ, ಅವನದೇ ಚೀಲವನ್ನು ನೋಡಿದಳು. ಅದರ ತಳದಲ್ಲಿ ಅವಳ ಅಕ್ಷರವೂ ಅವನ ಅಕ್ಷರವೂ ಕೂಡಿ ತುಂಬಿದ ಪೇಪರು ಬೆಚ್ಚಗೆ ಮಲಗಿತ್ತು. ಪ್ರಭುರಾಜ ಪೆನ್ನಿನ ಟೋಪಿ ತೆಗೆದ. ಒಂದೂ ನೆನಪಾಗಲಿಲ್ಲ. ದಿನಾ ಮೆರವಣಿಗೆಯಂತೆ ಬರುತ್ತಿದ್ದ ಉತ್ತರಗಳು ಹೆಂಡತಿಯ ಕಣ್ಣು ಬಿದ್ದ ಕೂಡಲೇ ಸಂದಿಗೊಂದಿ ಹೊಕ್ಕು ಮರೆಯಾಗಿದ್ದವು. ಸಾಲಿನಲ್ಲಿ ಯಾರೋ ಕೆಮ್ಮಿದರು. ಏನಾದರೂ ಬರೆಯಲೇಬೇಕಿತ್ತು. ಕೈ ತಾನಾಗಿ ಐದು ಮನೆಯ ಸಾಲಿಗೆ ಹೋಗಿ, ಹೊಲ ಕಾಯುವ ಸುಳ್ಳು ಮನುಷ್ಯನ ಜಾಗದಲ್ಲಿ, ಗುಂಡಗಿನ ಅಕ್ಷರದಲ್ಲಿ, ಕಾವಲುಗಾರ ಎಂದು ಬರೆಯಿತು. ಬರೆದ ಮೇಲೆ ಅವನಿಗೆ ತಾನು ಬರೆದದ್ದು ಕಂಡಿತು.

ಪಕ್ಕದಲ್ಲಿ ನಿಂತು ಅವನ ಪೇಪರಿನಲ್ಲೇ ಸುಳಿವು ಓದಿಕೊಳ್ಳುತ್ತಿದ್ದ ವಾಹಿದಾಗೂ ಕಂಡಿತು. ಅವಳು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತಪ್ಪು ತನ್ನದೇ ಇರಬಹುದೆಂಬ ದನಿಯಲ್ಲಿ, ಸರ, ಅದು ಬೆದರುಬೊಂಬಿ ಅಲ್ಲೇನ್ರಿ ಎಂದು ಕೇಳಿದಳು. ಈರಯ್ಯನ ಮುಖ ಸಣ್ಣದಾಯಿತು. ಬೋಣಿಯಲ್ಲೇ ತಪ್ಪು. ಯಮನೂರಪ್ಪ ಕತ್ತು ಉದ್ದ ಮಾಡಿದ. ಪ್ರಭುರಾಜನಿಗೆ ಇಷ್ಟು ದಿನ ತಾನು ತಿಂದ ಗೌರವವೆಲ್ಲ ಒಟ್ಟಿಗೇ ಗಂಟಲಿಗೆ ಬಂದಂತಾಯಿತು. ಹೇಳಿಬಿಡಲೇ ಎಂದುಕೊಂಡ. ಹೇಳಿದರೆ ಮುಗಿಯಿತು, ನಾಳೆಯಿಂದ ಇಲ್ಲಿಯೂ ಕಿಟಕಿ ಟೇಬಲ್ಲೇ. ಆಗ ಹಿಂದಿನಿಂದ ದೇವಿಕಾಳ ದನಿ, ತರಗತಿಯಲ್ಲಿ ಕೊನೆಯ ಬೆಂಚಿಗೂ ಮುಟ್ಟುವಂಥ ದನಿ, ಬಂತು.

"ಸಿಸ್ಟರ್ರ, ಅವರು ನಿಮ್ಮನ್ನ ಪರೀಕ್ಷಾ ಮಾಡಾಕತ್ತಾರ. ಮನ್ಯಾಗ ನನಗೂ ಹಿಂಗಽ ಮಾಡ್ತಾರ. ಬೇಕಂತ ತಪ್ಪು ಬರದು, ನಾ ಹಿಡೀತೀನೋ ಇಲ್ಲೋ ಅಂತ ನೋಡ್ತಾರ. ನನಗ ಪದಬಂಧ ಕಲಿಸಿದವರು ಅವರಽ."

ಸಾಲು ಹೋ ಎಂದು ನಕ್ಕಿತು. ವಾಹಿದಾ ನಾಚಿ, ಖುಷಿಯಿಂದ ಕೆಂಪಾದಳು. ಸರ್ ತನ್ನನ್ನು ಪರೀಕ್ಷೆ ಮಾಡುವಷ್ಟು ಮೇಲಕ್ಕೆ ತಾನು ಏರಿದ್ದೇನೆಂದು ಅವಳ ಮುಖದಲ್ಲಿ ಬರೆದಿತ್ತು. ಈರಯ್ಯ ಇನ್ನೊಂದು ಪೇಪರ್ ಕೊಟ್ಟ. ದೇವಿಕಾ ಎದ್ದು ಬಂದು ಗಂಡನ ಪಕ್ಕ ನಿಂತು, ಒಂದೊಂದೇ ಸುಳಿವನ್ನು ತನಗೆ ಗೊತ್ತಿಲ್ಲದವಳಂತೆ ಓದುತ್ತ, ಇದು ಸಲಗ ಇರಬಹುದೇ, ಇದು ಸಂಕೋಚ ಇರಬಹುದೇ ಎಂದು ಕೇಳುತ್ತ, ಅವನಿಂದ ಹೌದು ಎನ್ನಿಸುತ್ತ ಪೂರಾ ತುಂಬಿಸಿದಳು. ಅವನು ಹೌದು ಹೌದು ಎಂದು ಬರೆದ. ಎಂಥ ಪುಣ್ಯವಂತ ಜೋಡಿ ಎಂದು ಯಾರೋ ಅಂದರು. ಪೇಪರುಗಳು ಬಿಸಿ ಮಿರ್ಚಿಯಂತೆ ಹೋದವು. ದೇವಿಕಾ ತಟ್ಟೆ ಕೆಳಗಿಟ್ಟು, ಒಬ್ಬಳೇ ಆಟೋ ಹತ್ತಿ ತರಬೇತಿಗೆ ಹೋದಳು. ಅವಳು ಅರ್ಧ ತಿಂದ ಮಿರ್ಚಿ ಹಾಗೇ ಇತ್ತು.

ಆ ದಿನ ಕಚೇರಿಯಲ್ಲಿ ಅವನು ಯಾವ ಫೈಲಿಗೆ ಸಹಿ ಹಾಕಿದನೋ ದೇವರಿಗೇ ಗೊತ್ತು. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ನೀನೇನು ಹರಿಶ್ಚಂದ್ರನ ಮೊಮ್ಮಗಳೇ ಎನ್ನಬಹುದಿತ್ತು. ಅವಳು ಸುಳ್ಳು ಹೇಳಿ ಅವನನ್ನು ಕಾಪಾಡಿದ್ದಳು, ಅದೂ ಅವನ ಸುಳ್ಳಿಗಿಂತ ಎಷ್ಟೋ ಚೆಂದದ ಸುಳ್ಳು. ಸುಳ್ಳು ಹೇಳುವುದರಲ್ಲಿಯೂ ಹೆಂಡತಿ ತನಗಿಂತ ಮುಂದೆ. ಸಂಜೆಯ ಬಸ್ಸಿನಲ್ಲಿ ಅವಳು ಮತ್ತೆ ಕಿಟಕಿಯ ಪಕ್ಕ ಕೂತಳು. ಬುತ್ತಿಯ ಚೀಲ ಈ ಸಲ ಇಬ್ಬರ ನಡುವೆ ಕೂತಿತು. ತೊಗರಿ ಹೊಲ ಬಂತು, ಹೋಯಿತು. ಅವನು ತರಬೇತಿ ಹೇಗಾಯಿತೆಂದು ಕೇಳಿದ, ಆಯಿತು ಎಂದಳು. ಊಟ ಕೊಟ್ಟರೇ ಎಂದು ಕೇಳಿದ, ಕೊಟ್ಟರು ಎಂದಳು. ಕಲ್ಮಲಾ ದಾಟಿದ ಮೇಲೆ, ಕಿಟಕಿಯಾಚೆಯೇ ನೋಡುತ್ತ, ಯಾರ ಬಗ್ಗೆಯೋ ಹೇಳುವಂತೆ ಹೇಳಿದಳು.

"ನಾ ತಿಳಕೊಂಡಿದ್ದೆ, ದಿನಾ ಮುಂಜಾನಿ ನೀವು ನನ್ನ ಜೋಡಿ ಮಾತಾಡಾಕ ಫೋನ್ ಮಾಡ್ತೀರಿ ಅಂತ."

ಅವನು ಉತ್ತರ ಹುಡುಕಿದ. ಹೌದು ಎಂದರೂ ಎರಡು ಮನೆ, ಇಲ್ಲ ಎಂದರೂ ಎರಡು ಮನೆ. ಎರಡೂ ಸರಿಯಾಗಿ ಕೂರುತ್ತಿದ್ದವು. ಅಡ್ಡ ಬರುವ ಅಕ್ಷರ ಒಂದಾದರೂ ಇದ್ದಿದ್ದರೆ ಯಾವುದೆಂದು ತಿಳಿಯುತ್ತಿತ್ತು. ಅವನು ಬಾಯಿ ತೆರೆಯುವುದರೊಳಗೆ ರಾಯಚೂರು ಬಂತು, ಅವಳು ಚೀಲ ಹೆಗಲಿಗೆ ಹಾಕಿಕೊಂಡು ಎದ್ದಳು.

ಮರುದಿನ ಮತ್ತೆ ಅದೇ ಬಸ್ಸು, ಅದೇ ಕಟ್ಟು, ಚೀಲದಲ್ಲಿ ಅದೇ ಪೇಪರು. ರಾತ್ರಿಯಿಡೀ ನಿದ್ದೆ ಇಲ್ಲದೆ ಕಣ್ಣು ಉರಿಯುತ್ತಿದ್ದವು. ಪದಬಂಧ ಆವತ್ತು ಮಲತಾಯಿಯಾಗಿತ್ತು, ಮಲತಾಯಿಗೂ ಅತ್ತೆಯಾಗಿತ್ತು. ಎಡದಿಂದ ಬಲಕ್ಕೆ ಒಂದು, ಮೇಲಿಂದ ಕೆಳಕ್ಕೆ ಎರಡು, ಅಷ್ಟೇ. ಉಳಿದದ್ದೆಲ್ಲ ಬಾಯಿ ತೆರೆದು ಕೂತಿತ್ತು. ಗಬ್ಬೂರಿನ ಹತ್ತಿರ ಮಾನ ಬಿಟ್ಟು ಫೋನು ಮಾಡಿದ. ಅವಳು ಎತ್ತಿದಳು. ಸುಳಿವು ಓದಿದ. ಪಟಪಟ ಸದ್ದು ನಿಲ್ಲಲೇ ಇಲ್ಲ. ನೀವು ಪರೀಕ್ಷೆ ಮಾಡುವವರು, ನಿಮಗೆ ನಾನೇನು ಹೇಳಲಿ ಎಂದು, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ ಹೇಳಿ, ಇಟ್ಟುಬಿಟ್ಟಳು. ಎದುರು ಸೀಟಿನಲ್ಲಿ ಯಾರದೋ ಮಗು ಅವನನ್ನು ನೋಡಿ ನಾಲಿಗೆ ಚಾಚಿತು. ಅವನಿಗೂ ಚಾಚಬೇಕೆನ್ನಿಸಿತು.

ಈರಯ್ಯ ಊದುಬತ್ತಿ ಹಚ್ಚಿ, ಹುರಿ ಕತ್ತರಿಸಿ, ಕಣ್ಣಿಗೊತ್ತಿಕೊಂಡು ಪೇಪರ್ ಕೊಟ್ಟ. ನಿನ್ನೆಯ ಸುದ್ದಿ ಹರಡಿ ಸಾಲು ಇನ್ನೂ ಉದ್ದವಾಗಿತ್ತು. ಪ್ರಭುರಾಜ ಗೊತ್ತಿದ್ದ ಮೂರನ್ನು ಬರೆದ. ಆಮೇಲೆ ಪೆನ್ನು ನಿಂತಿತು. ಮೆಲ್ಲಗೆ, ಪರೀಕ್ಷೆಯ ಕೋಣೆಯಲ್ಲಿ ಎಷ್ಟೋ ಸಲ ಹೊರಳಿಸಿ ಅಭ್ಯಾಸವಿದ್ದ ಕಣ್ಣನ್ನು ವಾಹಿದಾ ಕಡೆಗೆ ಹೊರಳಿಸಿದ. ಆವತ್ತು ಈರಯ್ಯ ಅವಳಿಗೂ ಒಂದು ಪೇಪರ್ ಮೊದಲೇ ಕೊಟ್ಟಿದ್ದ, ಸರ್ ಪರೀಕ್ಷೆ ಮಾಡುವ ವಿದ್ಯಾರ್ಥಿನಿ ಎಂಬ ಮರ್ಯಾದೆಗೆ. ಅವಳ ಪೆನ್ಸಿಲು ಓಡುತ್ತಿತ್ತು, ಅಳಿಸದೆ ಓಡುತ್ತಿತ್ತು. ಅವನು ಕತ್ತು ಇನ್ನಷ್ಟು ವಾಲಿಸಿದ. ವಾಹಿದಾ ತಲೆಯೆತ್ತಿ ಅವನ ಕಣ್ಣು ನೋಡಿ, ನಕ್ಕು, ಎಡಗೈಯನ್ನು ಅಂಗೈ ಅಗಲಿಸಿ ಪೇಪರಿನ ಮೇಲಿಟ್ಟು ಮುಚ್ಚಿದಳು.

"ಈಗಽ ನೋಡಬ್ಯಾಡ್ರಿ ಸರ. ತಪ್ಪಿದ್ರ ಎಲ್ಲಾರ ಮುಂದ ನಾಚಿಕಿ ಆಗ್ತದ. ಪೂರಾ ತುಂಬಿ ನಾನಽ ತೋರಿಸ್ತೀನಿ."

ವರ್ಷಗಟ್ಟಲೆ ತೆರೆದಿಟ್ಟು ತೋರಿಸಿದ್ದಳು, ಆಗ ಅವನಿಗೆ ನೋಡುವ ಅಗತ್ಯವಿರಲಿಲ್ಲ. ಊದುಬತ್ತಿಯ ಬೂದಿ ಉದುರಿತು. ಜಾಲಹಳ್ಳಿಯ ಬಸ್ಸು ಹೊರಡುವ ಹಾರ್ನು ಹಾಕಿತು, ಆದರೂ ಸಾಲಿನಿಂದ ಯಾರೂ ಕದಲಲಿಲ್ಲ. ಪ್ರಭುರಾಜನಿಗೆ ಒಮ್ಮೆಲೇ ಸಾಕಾಯಿತು. ಬೆದರುಬೊಂಬೆಗಾದರೂ ಕಾಗೆಗಳು ಒಂದು ದಿನ ಹೆದರುವುದು ಬಿಟ್ಟು ತಲೆಯ ಮೇಲೆ ಕೂರುತ್ತವೆ, ತನ್ನ ನಸೀಬಿನಲ್ಲಿ ಅದೂ ಇಲ್ಲ. ಅವನು ಪೆನ್ನಿಗೆ ಟೋಪಿ ಹಾಕಿ, ಈರಯ್ಯನಿಗೆ ಕೇಳುವಂತೆ, ಎಲ್ಲರಿಗೂ ಕೇಳುವಂತೆ ಹೇಳಿದ. "ಈರಯ್ಯ, ನನಗ ಗೊತ್ತಿಲ್ಲ. ನನಗ ಯಾವತ್ತೂ ಗೊತ್ತಿದ್ದಿಲ್ಲ. ನೀ ಪೇಪರ್ ಮಾರು."

ಯಮನೂರಪ್ಪ ತೊಡೆ ತಟ್ಟಿಕೊಂಡು ನಕ್ಕ, ಅವನ ಹಿಂದೆ ಸಾಲೆಲ್ಲ ನಕ್ಕಿತು. ಇವತ್ತು ನಮ್ಮೆಲ್ಲರಿಗೂ ಪರೀಕ್ಷೆ ಎಂದು ಈರಯ್ಯ ಮೆಚ್ಚಿಗೆಯಿಂದ ತಲೆದೂಗಿ, ಸಾಹೇಬರಿಗೆ ಒಂದು ಪ್ಲೇಟು ಮಿರ್ಚಿ ಎಂದು ಬಂಡಿಯ ಕಡೆ ಕೂಗಿದ. ಬೇಕಾದಷ್ಟು ಹೊತ್ತಾಗಲಿ, ಜನ ನಿಲ್ಲುತ್ತಾರೆ ಎಂದ. ನಿಂತರು. ನಿಜ ಹೇಳಿದರೂ ಬಿಡುಗಡೆಯಿಲ್ಲದ ಇಂಥ ಜಾಗವನ್ನು ತಾನೇ ಇಟ್ಟಿಗೆ ಇಟ್ಟಿಗೆ ಜೋಡಿಸಿ ಕಟ್ಟಿದ್ದನಲ್ಲ ಎಂದುಕೊಂಡಾಗ ಅವನಿಗೂ ನಗು ಬಂತು. ನಗುತ್ತಲೇ ಫೋನು ತೆಗೆದು ಹೆಂಡತಿಗೆ ಮಾಡಿದ. ಎತ್ತಲಾರಳು ಎಂದುಕೊಂಡಿದ್ದ. ಎತ್ತಿದಳು. ಅಲ್ಲಿ ಪಟಪಟ ಸದ್ದು ನಡೆದಿತ್ತು. ಹೇಳುವುದಿಲ್ಲ ಎಂದು ಹೇಳಿದ್ದೇನಲ್ಲ ಎಂದಳು. ಉತ್ತರ ಬೇಡ ಎಂದ. ಮತ್ತೇನು ಎಂದಳು. ಅವನ ಕೈಯಲ್ಲಿ ಸುಳಿವಿರಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಹೇಳುವುದಕ್ಕೆ ಅವನು ಒಂದು ವಾಕ್ಯ ಹುಡುಕಿದ, ಬಸ್‌ಸ್ಟ್ಯಾಂಡಿನ ಎಲ್ಲ ಬೋರ್ಡುಗಳನ್ನೂ ಒಂದೊಂದಾಗಿ ನೋಡಿದ, ಎಲ್ಲಿಯೂ ಬರೆದಿರಲಿಲ್ಲ. ಮನೆ ಎಣಿಸದೆ, ಬಾಯಿಗೆ ಬಂದದ್ದನ್ನು ಹೇಳಿದ.

"ಸುಮ್ಮನ ಮಾಡೀನಿ. ನಿನ್ನ ಜೋಡಿ ಮಾತಾಡಾಕ."

ಅವಳು ಫೋನು ಇಡಲಿಲ್ಲ. ರೊಟ್ಟಿಯ ಸದ್ದು ನಡೆದೇ ಇತ್ತು. ಅವನ ಬೆನ್ನ ಹಿಂದೆ ಯಮನೂರಪ್ಪ, ಪಕ್ಕದವನಿಗೆ, ನೋಡೋ, ಮೇಡಂರಿಗೂ ಪರೀಕ್ಷಾ ಇಟ್ಟಾರ ಎಂದು ಪಿಸುಗುಟ್ಟುತ್ತಿದ್ದ. ಪ್ರಭುರಾಜ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನನ್ನು ಒತ್ತಿ ಹಿಡಿದ.

ಆ ಕಡೆ ಸದ್ದು ನಿಂತಿತು.